ತಾಳ್ಮೆ ಅಂದರೆ ಎಷ್ಟು ಹೊತ್ತು?

ದುಬೈನ ಬುರ್ಜ್ ಖಲೀಫಾದಲ್ಲಿ 80ನೇ ಮಹಡಿಗಿಂತ ಮೇಲಿರುವವರು ರಂಜಾನ್ ಉಪವಾಸ ಬಿಡಲು ನೆಲದ ಮೇಲಿನವರಿಗಿಂತ ಎರಡು ನಿಮಿಷ ಹೆಚ್ಚು ಕಾಯಬೇಕು. 150ನೇ ಮಹಡಿಯಿಂದಾಚೆಗೆ ಮೂರು ನಿಮಿಷ. ಎತ್ತರದಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ ಅನ್ನುವ ಕಾರಣಕ್ಕೆ ಇಲ್ಲಿನ ಧರ್ಮಪಂಡಿತರು 2011ರಲ್ಲಿ ಕೊಟ್ಟ ತೀರ್ಪು ಇದು. ಮೊದಲ ಸಲ ಕೇಳಿದವರಿಗೆ ಅತಿಯಾದ ಕಟ್ಟುನಿಟ್ಟು ಅನಿಸಬಹುದು. ನನಗೆ ಇದು ಹಿಡಿಸುತ್ತದೆ. ಹಸಿದು ಕೂತವನಿಗೆ ಎಲ್ಲಿಯವರೆಗೆ ಕಾಯಬೇಕು ಅಂತ ನಿಮಿಷದ ಮಟ್ಟಿಗೆ ಹೇಳಿಬಿಡುವುದರಲ್ಲಿ ಅವನ ಬಗ್ಗೆ ಒಂದು ಗೌರವ ಇದೆ.

ನಮ್ಮ ಕಡೆ ತಾಳ್ಮೆಯ ಮಾತು ಹೀಗೆ ಬರುವುದಿಲ್ಲ. 'ಸ್ವಲ್ಪ ತಾಳ್ಕೋ', 'ಹೊಂದಿಕೊಂಡು ಹೋಗು', 'ತಾಳಿದವನು ಬಾಳಿಯಾನು'. ಮೂರರಲ್ಲೂ ಅವಧಿ ಇಲ್ಲ, ಮಿತಿ ಇಲ್ಲ, ಹೇಳುವವರ ಪಾಲು ಎಷ್ಟು ಎಂಬುದೂ ಇಲ್ಲ. ಕೊಲ್ಲಿಯಲ್ಲಿ ಬೇರೆ ಬೇರೆ ಧರ್ಮದವರ ನೆರೆಯಲ್ಲಿ ಬದುಕುತ್ತಾ, ಅವರ ಗ್ರಂಥಗಳನ್ನೂ ನಮ್ಮವನ್ನೂ ಒಟ್ಟಿಗೆ ಇಟ್ಟು ಓದಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು: ತಾಳ್ಮೆಯನ್ನು ನಿಜವಾಗಿ ಕಲಿಸಿದ ಪರಂಪರೆಗಳೆಲ್ಲ ಅದಕ್ಕೆ ಸಮಯ ಕಟ್ಟಿವೆ, ವಿನಾಯಿತಿ ಕೊಟ್ಟಿವೆ, ಅಳುವುದಕ್ಕೂ ದೂರುವುದಕ್ಕೂ ಜಾಗ ಬಿಟ್ಟಿವೆ. ಆ ಅಳತೆಗಳನ್ನು ಕಿತ್ತುಹಾಕಿ, ಗುಣವನ್ನಷ್ಟೇ ಉಳಿಸಿಕೊಂಡು, ಅದನ್ನು ಮನೆಯಲ್ಲಿ ಮತ್ತು ಕೆಲಸದಲ್ಲಿ ಕೆಳಗಿನವರ ಮೇಲೆ ಹೊರಿಸಿದವರು ನಾವು.

ರಂಜಾನಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇಡೀ ಊರು ಒಟ್ಟಿಗೆ ತಾಳ್ಮೆಯ ಅಭ್ಯಾಸಕ್ಕೆ ಕೂರುವುದನ್ನು ಹತ್ತಿರದಿಂದ ನೋಡಲು ಸಿಗುವುದು ಇಲ್ಲಿ. ತಿಂಗಳು 29 ಅಥವಾ 30 ದಿನ, ಚಂದ್ರ ಕಂಡಂತೆ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದಾದ್ದರಿಂದ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹಾಗಾಗಿ ಒಬ್ಬ ಮನುಷ್ಯ ತನ್ನ ಆಯುಸ್ಸಿನಲ್ಲಿ ಚಳಿಗಾಲದ ಸುಲಭದ ಉಪವಾಸವನ್ನೂ ಬೇಸಿಗೆಯ ಕಠಿಣ ಉಪವಾಸವನ್ನೂ ಕಾಣುತ್ತಾನೆ. ಬೆಳಗಿನ ಫಜ್ರ್ ಬಾಂಗ್‌ನಿಂದ ಸಂಜೆಯ ಮಗ್ರಿಬ್ ಬಾಂಗ್‌ವರೆಗೆ ಅನ್ನ, ನೀರು, ಸಿಗರೇಟು, ದಾಂಪತ್ಯ ಯಾವುದೂ ಇಲ್ಲ. ದುಬೈನಲ್ಲಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಇದು ಸುಮಾರು 13 ಗಂಟೆ, ನಡುಬೇಸಿಗೆಯಲ್ಲಿ 15 ಗಂಟೆಯ ಹತ್ತಿರ.

ಇದರಲ್ಲಿ ಸೋಲುವವರು ಎಲ್ಲಿ ಸೋಲುತ್ತಾರೆ ಎಂಬುದು ಇಲ್ಲಿನ ಎಲ್ಲರಿಗೂ ಗೊತ್ತು. ಮೊದಲ ಮೂರು ದಿನದ ತಲೆನೋವಿಗೆ ಹಸಿವಿಗಿಂತ ಹೆಚ್ಚಾಗಿ ಕಾಫಿಯೇ ಕಾರಣ. ದಿನಕ್ಕೆ ಮೂರು ನಾಲ್ಕು ಲೋಟ ಕುಡಿಯುವವರಿಗೆ ಕೊನೆಯ ಲೋಟವಾದ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯಲು ಶುರುವಾಗುತ್ತದೆ. ಅನುಭವ ಇರುವವರು ತಿಂಗಳು ಹುಟ್ಟುವ ಹತ್ತು ದಿನ ಮೊದಲೇ ಎರಡು ದಿನಕ್ಕೊಮ್ಮೆ ಅರ್ಧ ಲೋಟದಂತೆ ಇಳಿಸುತ್ತಾ ಬರುತ್ತಾರೆ. ಬೆಳಗಿನ ಜಾವದ ಊಟವಾದ ಸಹರಿಯಲ್ಲಿ ಉಪ್ಪಿನಕಾಯಿ, ಹಪ್ಪಳ, ಕರಿದದ್ದು ತಿಂದರೆ ಹತ್ತು ಗಂಟೆಗೆಲ್ಲ ನಾಲಿಗೆ ಒಣಗುತ್ತದೆ. ರಾಗಿ, ಓಟ್ಸ್, ಕಾಳು, ಮೊಟ್ಟೆ, ಮೊಸರು ನಿಧಾನವಾಗಿ ಕರಗುತ್ತವೆ. ಸಂಜೆ ಒಂದೋ ಮೂರೋ ಖರ್ಜೂರ, ನೀರು, ಆಮೇಲೆ ಮಗ್ರಿಬ್ ನಮಾಜು, ಅದಾದ ಮೇಲೆ ಊಟ. ನಡುವಿನ ಹತ್ತು ಹದಿನೈದು ನಿಮಿಷದಲ್ಲಿ ಹಸಿವಿನ ಮೊನೆ ಮೊಂಡಾಗುತ್ತದೆ. ನೇರವಾಗಿ ಬಿರಿಯಾನಿಗೆ ಕೈಹಾಕಿದವರು ಎರಡು ತಟ್ಟೆ ತಿಂದು ರಾತ್ರಿಯೆಲ್ಲ ಒದ್ದಾಡುತ್ತಾರೆ. ಇನ್ನು ಇಫ್ತಾರಿಗೆ ಮುಂಚಿನ ಅರ್ಧ ಗಂಟೆಯ ರಸ್ತೆ ಇದೆಯಲ್ಲ, ದಿನವಿಡೀ ತಾಳಿದವರು ಅಲ್ಲಿ ಕೊನೆಯ ಹತ್ತು ನಿಮಿಷ ತಾಳಲಾರದೆ ಗಾಡಿ ಓಡಿಸುತ್ತಾರೆ. ಪೊಲೀಸರು ಪ್ರತಿ ವರ್ಷ ಎಚ್ಚರಿಕೆ ಕೊಡುವುದೂ ಸಿಗ್ನಲ್‌ಗಳಲ್ಲಿ ನೀರು–ಖರ್ಜೂರದ ಪೊಟ್ಟಣ ಹಂಚುವುದೂ ಇದಕ್ಕೇ.

ನಿಯಮಗಳ ಒಲವು ಎತ್ತ ಇದೆ ನೋಡಿ. ಸಹರಿಯನ್ನು ಆದಷ್ಟು ತಡವಾಗಿ ಮಾಡು, ಇಫ್ತಾರನ್ನು ಹೊತ್ತು ಮುಳುಗಿದ ಕೂಡಲೇ ಮಾಡು ಎಂಬುದು ಪ್ರವಾದಿಯವರ ಮಾತು. ಹೆಚ್ಚು ಭಕ್ತಿ ತೋರಿಸಲು ರಾತ್ರಿಯೂ ಏನೂ ತಿನ್ನದೆ ಮರುದಿನಕ್ಕೆ ಉಪವಾಸ ಮುಂದುವರಿಸುವುದನ್ನು ಅವರು ಅನುಯಾಯಿಗಳಿಗೆ ನಿಷೇಧಿಸಿದರು. ಕಾಯಿಲೆಯವರು, ಪ್ರಯಾಣದಲ್ಲಿರುವವರು, ಬಸುರಿ–ಬಾಣಂತಿಯರು ಬಿಡಬಹುದು, ಆಮೇಲೆ ತುಂಬಿಕೊಡಬಹುದು. ಮುಟ್ಟಿನ ದಿನಗಳಲ್ಲಿ ಹೆಂಗಸರು ಹಿಡಿಯುವಂತೆಯೇ ಇಲ್ಲ. ಇನ್ನೆಂದೂ ಹಿಡಿಯಲಾಗದ ಮುದುಕರು, ದೀರ್ಘ ರೋಗಿಗಳು ಬಿಟ್ಟ ಒಂದೊಂದು ದಿನಕ್ಕೂ ಒಬ್ಬ ಬಡವನಿಗೆ ಊಟ ಹಾಕಿದರೆ ಸಾಕು. ತಾಳಲಾಗದವನ ಅಶಕ್ತಿಯಿಂದ ಇನ್ನೊಬ್ಬನ ಹೊಟ್ಟೆ ತುಂಬುವಂತೆ ಮಾಡಿದ್ದಾರೆ. ಇದರ ಜೊತೆಗೆ ಈ ದೇಶದ ಕಾರ್ಮಿಕ ಕಾನೂನು ರಂಜಾನ್ ತಿಂಗಳಲ್ಲಿ ದಿನದ ಕೆಲಸವನ್ನು ಎರಡು ಗಂಟೆ ಇಳಿಸುತ್ತದೆ, ಉಪವಾಸ ಮಾಡುವವರಿಗೂ ಮಾಡದವರಿಗೂ. ತಾಳ್ಮೆ ಕೇಳುವ ತಿಂಗಳಲ್ಲಿ ಕೇಳಿದವರೂ ಒಂದಿಷ್ಟು ಬಿಟ್ಟುಕೊಡಬೇಕು ಎಂಬ ಈ ಏರ್ಪಾಟನ್ನು ನಾನು ತುಂಬ ದೊಡ್ಡದು ಅಂದುಕೊಳ್ಳುತ್ತೇನೆ.

ಇಸ್ಲಾಮಿನಲ್ಲಿ ಸಬ್ರ್, ಅಂದರೆ ತಾಳ್ಮೆ, ಅನ್ನುವುದನ್ನು ಪಂಡಿತರು ಮೂರಾಗಿ ಬಿಡಿಸುತ್ತಾರೆ. ಮಾಡಬೇಕಾದ್ದನ್ನು ಬಿಡದೆ ಮಾಡುವ ತಾಳ್ಮೆ, ಮಾಡಬಾರದ್ದರಿಂದ ಕೈ ಹಿಂದೆ ಹಿಡಿಯುವ ತಾಳ್ಮೆ, ಬಂದ ಕಷ್ಟವನ್ನು ಹೊರುವ ತಾಳ್ಮೆ. ನಮ್ಮಲ್ಲಿ ತಾಳ್ಮೆ ಅಂದರೆ ಮೂರನೆಯದು ಮಾತ್ರ ಎಂಬಂತೆ ಆಗಿಬಿಟ್ಟಿದೆ. ಕೋಪಕ್ಕೂ ಹಂತಗಳುಳ್ಳ ಉಪಾಯ ಇದೆ: ನಿಂತಿದ್ದರೆ ಕೂರು, ಕೂತರೂ ಇಳಿಯದಿದ್ದರೆ ಮಲಗು. ಉಪವಾಸದಲ್ಲಿ ಯಾರಾದರೂ ಬೈದರೆ ಅಥವಾ ಜಗಳಕ್ಕೆ ಬಂದರೆ 'ನಾನು ರೋಜಾದಲ್ಲಿದ್ದೇನೆ' ಅಂತ ಬಾಯಿಬಿಟ್ಟು ಹೇಳು. ಈ ಮಾತು ಎದುರಿನವನಿಗೆ ಎಷ್ಟು ನಾಟುತ್ತದೋ, ಹೇಳಿದವನಿಗೆ ಮಾತ್ರ ಕೈ ಎತ್ತುವ ಮುಂಚೆ ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ.

ಪ್ರವಾದಿಯವರ ನಡೆನುಡಿಗಳ ದಾಖಲೆಯಾದ ಹದೀಸ್‌ನಲ್ಲಿ ಬರುವ ಒಂದು ಪ್ರಸಂಗವಂತೂ ಮರೆಯುವಂಥದ್ದಲ್ಲ. ಸಮಾಧಿಯ ಬಳಿ ಅಳುತ್ತಿದ್ದ ಹೆಂಗಸೊಬ್ಬಳಿಗೆ ಪ್ರವಾದಿ 'ದೇವರಿಗೆ ಅಂಜು, ತಾಳು' ಅಂದರು. ಅವಳಿಗೆ ಅವರು ಯಾರೆಂದು ಗೊತ್ತಾಗಲಿಲ್ಲ. ದೂರ ಹೋಗು, ನನಗೆ ಬಂದ ದುಃಖ ನಿನಗೆ ಬಂದಿಲ್ಲ ಅಂದಳು. ಅವರು ಸುಮ್ಮನೆ ಹೋದರು. ಆಮೇಲೆ ಯಾರೆಂದು ತಿಳಿದು ಅವಳು ಅವರ ಬಾಗಿಲಿಗೆ ಬಂದಾಗ ಅವರು ಗದರಲಿಲ್ಲ, ತಾಳ್ಮೆ ಇರಬೇಕಾದ್ದು ಮೊದಲ ಪೆಟ್ಟಿನಲ್ಲಿ ಎಂದಷ್ಟೇ ಹೇಳಿದರು. ತಾಳ್ಮೆಯ ಉಪದೇಶ ಮಾಡಿದವರೇ ಆ ಕ್ಷಣದಲ್ಲಿ ಬೈಗುಳವನ್ನು ತಾಳಿಕೊಂಡಿದ್ದಾರೆ. ಕುರಾನಿನ ಯಾಕೂಬರು ಮಗನಿಗಾಗಿ ಅತ್ತು ಅತ್ತು ಕಣ್ಣು ಬೆಳ್ಳಗಾಗಿಸಿಕೊಂಡವರು, ಆದರೂ ಸುಂದರವಾದ ತಾಳ್ಮೆಗೆ ಉದಾಹರಣೆ ಅವರೇ. ಶೋಕಕ್ಕೂ ಮಿತಿ ಇದೆ: ಬೇರೆ ಯಾರು ಸತ್ತರೂ ಮೂರು ದಿನ, ಗಂಡ ಸತ್ತರೆ ನಾಲ್ಕು ತಿಂಗಳು ಹತ್ತು ದಿನ. ಆ ಮೇಲೆ ಅವಳು ಮರುಮದುವೆಗೆ ಸ್ವತಂತ್ರಳು. ನಮ್ಮ ಎಷ್ಟೋ ಜಾತಿಗಳಲ್ಲಿ ವಿಧವೆಯ 'ತಾಳ್ಮೆ' ಸಾಯುವವರೆಗೂ ಮುಗಿಯುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ.

ಹಾಗಂತ ನಮ್ಮಲ್ಲಿ ಲೆಕ್ಕ ಇರಲಿಲ್ಲ ಅಂತಲ್ಲ. ಉಡುಪಿಯ ಮಾಧ್ವ ಸಂಪ್ರದಾಯದ ಏಕಾದಶಿಯನ್ನೇ ತೆಗೆದುಕೊಳ್ಳಿ. ದಶಮಿಯಂದು ಒಂದೇ ಹೊತ್ತು ಊಟ, ಏಕಾದಶಿ ನಿರ್ಜಲ, ದ್ವಾದಶಿ ಬೆಳಗ್ಗೆ ಉಪವಾಸ ಬಿಡುವ ಊಟ, ಅಂದರೆ ಪಾರಣೆ, ಆ ದಿನ ರಾತ್ರಿ ಮತ್ತೆ ಊಟವಿಲ್ಲ. ದ್ವಾದಶಿಯ ಮೊದಲ ಕಾಲು ಭಾಗವಾದ ಹರಿವಾಸರ ಕಳೆಯುವ ಮುಂಚೆ ಉಣ್ಣುವಂತಿಲ್ಲ, ದ್ವಾದಶಿ ತಿಥಿ ಮುಗಿದ ಮೇಲೂ ಉಣ್ಣುವಂತಿಲ್ಲ. ತಿಥಿ ಬೇಗ ಮುಗಿಯುವ ದಿನ ಪಂಚಾಂಗದಲ್ಲಿ 'ಸಾಧನ ದ್ವಾದಶಿ' ಎಂದು ಬರೆದಿರುತ್ತದೆ, ಅಂದು ಕತ್ತಲಲ್ಲೇ ಎದ್ದು ಅಡುಗೆ, ಪೂಜೆ ಮುಗಿಸಿ ಎಲೆ ಹಾಕುತ್ತಾರೆ. ಉಪವಾಸ ಬಿಡುವುದೂ ಹಿಡಿದಷ್ಟೇ ಕಡ್ಡಾಯ! ಸ್ಮೃತಿಯ ಪ್ರಕಾರ ಎಂಟು ವರ್ಷ ದಾಟಿದ, ಎಂಬತ್ತು ತುಂಬದವರಿಗೆ ಮಾತ್ರ ಈ ಕಟ್ಟು. ಕೆಡುವುದು ಎಲ್ಲಿ ಅಂದರೆ ಇಲ್ಲಿಯೂ ಹೊಟ್ಟೆಯಲ್ಲೇ. ನಿರ್ಜಲ ಆಗದವರಿಗೆ ಹಾಲು, ಹಣ್ಣು ಅಂತ ಬಿಟ್ಟ ಕಿಂಡಿಯಲ್ಲಿ ಸಾಬೂದಾನಿ ವಡೆ, ಅವಲಕ್ಕಿ ಒಗ್ಗರಣೆ, ಉಪ್ಪಿಟ್ಟು ಎಲ್ಲ ನುಗ್ಗಿ, ಉಪವಾಸದ ದಿನವೇ ಅಡುಗೆಮನೆಯ ಹೆಂಗಸರಿಗೆ ಎಂದಿಗಿಂತ ಎರಡು ಪಟ್ಟು ಕೆಲಸ. ಇಫ್ತಾರಿನ ಮನೆಗಳಲ್ಲೂ ಇದೇ ಕಥೆ. ತಾನೂ ಉಪವಾಸವಿದ್ದು, ಮಧ್ಯಾಹ್ನ ಮೂರರಿಂದ ಒಲೆಯ ಮುಂದೆ ನಿಂತು ಸಮೋಸ ಕರಿಯುವವಳ ತಾಳ್ಮೆಯನ್ನು ಯಾವ ಧರ್ಮಗ್ರಂಥವೂ ಬೇಡಿಲ್ಲ.

ಸೋದೆಯ ವಾದಿರಾಜರು 'ತಾಳುವಿಕೆಗಿಂತ ತಪವು ಇಲ್ಲ' ಅಂದರು. ಅವರಿಗಿಂತ ಸಾವಿರದೈನೂರಕ್ಕೂ ಹೆಚ್ಚು ವರ್ಷ ಮೊದಲಿನ ಪಾಲಿ ಧಮ್ಮಪದದಲ್ಲಿ 'ಖಂತೀ ಪರಮಂ ತಪೋ ತಿತಿಕ್ಖಾ' ಅಂತಿದೆ. ಹೆಚ್ಚು ಕಡಿಮೆ ಅದೇ ಮಾತು. ಆದರೆ ವಾದಿರಾಜರ ಪದವನ್ನು ಪೂರ್ತಿ ಕೇಳಬೇಕು. 'ನೆಟ್ಟ ಸಸಿ ಫಲ ಬರುವ ತನಕ' ತಾಳು ಎನ್ನುತ್ತಾರೆ. 'ತನಕ' ಅನ್ನುವುದು ಅಲ್ಲೇ ಇದೆ. ನಾವು ಪಲ್ಲವಿಯನ್ನು ಇಟ್ಟುಕೊಂಡು ಅದನ್ನು ಬಿಟ್ಟೆವು.

ಕ್ರೈಸ್ತರ ಕಡೆ ತಾಳ್ಮೆಗೆ ಎಲ್ಲರೂ ಹೆಸರಿಸುವುದು ಯೋಬನನ್ನು. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತು ಮಡಕೆ ಚೂರಿನಿಂದ ಹುಣ್ಣು ಕೆರೆದುಕೊಳ್ಳುವವನು. ಭಾಷಣಗಳಲ್ಲಿ ಕೇಳಿದರೆ ಅವನು ಬಾಯಿ ಮುಚ್ಚಿಕೊಂಡು ಸಹಿಸಿದ ಎಂಬಂತೆ ಇರುತ್ತದೆ. ಬೈಬಲ್ಲಿನ ಯೋಬನ ಪುಸ್ತಕದಲ್ಲಿರುವುದೇ ಬೇರೆ. 42 ಅಧ್ಯಾಯಗಳಲ್ಲಿ ಅವನು ದೂರದೆ ಸಹಿಸುವುದು ಮೊದಲೆರಡರಲ್ಲಿ ಮಾತ್ರ. ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಪಕ್ಕದಲ್ಲಿ ಕೂರುತ್ತಾರೆ. ಇಡೀ ಕಥೆಯಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಮೂರನೇ ಅಧ್ಯಾಯದಲ್ಲಿ ಯೋಬ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಅಲ್ಲಿಂದ ಮುಂದೆ ದೇವರ ಜೊತೆ ವಾದಕ್ಕೆ ಇಳಿಯುತ್ತಾನೆ. ಗೆಳೆಯರು ನಿನ್ನದೇ ಏನೋ ತಪ್ಪಿರಬೇಕು, ಒಪ್ಪಿಕೋ ಎಂದು ಬುದ್ಧಿ ಹೇಳುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಯಾರ ಮೇಲೆ? ಗೆಳೆಯರ ಮೇಲೆ. ನನ್ನ ಸೇವಕ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಅತ್ತವನು, ಕೂಗಾಡಿದವನು ತಾಳ್ಮೆಯ ಮಾದರಿ ಎನಿಸಿಕೊಂಡ, ಬುದ್ಧಿ ಹೇಳಿದವರು ಬೈಸಿಕೊಂಡರು. ಅವನ ಬಳಿ ಉಳಿದಿದ್ದದ್ದು ಒಂದೇ, ದೇವರ ಜೊತೆಗಿನ ಮಾತನ್ನು ಬಿಡಲಿಲ್ಲ.

ಕ್ಷಮೆಯ ವಿಷಯದಲ್ಲೂ ಹೀಗೆಯೇ ಅರ್ಧ ಓದಿ ಬಿಡುತ್ತಾರೆ. ಎಷ್ಟು ಸಲ ಕ್ಷಮಿಸಲಿ, ಏಳು ಸಲವೇ ಎಂದು ಶಿಷ್ಯ ಪೇತ್ರ ಕೇಳಿದಾಗ ಯೇಸು ಎಪ್ಪತ್ತು ಏಳರಷ್ಟು ಅನ್ನುತ್ತಾರೆ, ಲೆಕ್ಕವೇ ಬೇಡ ಎನ್ನುವ ಹಾಗೆ. ಆದರೆ ಮತ್ತಾಯನ ಸುವಾರ್ತೆಯ ಅದೇ 18ನೇ ಅಧ್ಯಾಯದಲ್ಲಿ, ಅದಕ್ಕೆ ಸ್ವಲ್ಪ ಮುಂಚೆ, ತಪ್ಪು ಮಾಡಿದವನ ಜೊತೆ ನಡೆದುಕೊಳ್ಳುವ ಕ್ರಮ ಇದೆ. ಮೊದಲು ಅವನೊಬ್ಬನಿಗೇ, ಏಕಾಂತದಲ್ಲಿ ತಪ್ಪನ್ನು ತೋರಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದಿದ್ದರೆ ಅವನನ್ನು ಹೊರಗಿನವನಂತೆ ಎಣಿಸು. ಇದು ಬಾಯಿ ಮುಚ್ಚಿಕೊಂಡು ಸಹಿಸುವ ಕ್ರಮವಂತೂ ಅಲ್ಲ. ನಾಲ್ಕು ಮೆಟ್ಟಿಲು, ನಾಲ್ಕನೆಯದರಲ್ಲಿ ಬಾಗಿಲು.

ತಾಳ್ಮೆ ಎಲ್ಲಿ ಮುರಿಯುತ್ತದೆ ಎಂಬುದನ್ನು ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಬರೆದಷ್ಟು ಕರಾರುವಾಕ್ಕಾಗಿ ಬೇರೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅಲ್ಲಿನ ಸನ್ಯಾಸಿಗಳು ಒಬ್ಬೊಬ್ಬರೇ ಗುಡಿಸಿಲಲ್ಲಿ ಕೂತು ಪ್ರಾರ್ಥನೆ ಮಾಡುತ್ತಾ, ಕೈಯಲ್ಲಿ ಬುಟ್ಟಿ, ಹಗ್ಗ ಹೆಣೆಯುತ್ತಾ, ದಿನದ ಒಂದೇ ಊಟಕ್ಕೆ ಮಧ್ಯಾಹ್ನ ಮೂರರವರೆಗೆ ಕಾಯುತ್ತಿದ್ದರು. ಬೇಸರದ ಪಿಶಾಚಿ ಬರುವುದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ ಎನ್ನುತ್ತಾನೆ ಅವನು. ಸೂರ್ಯ ನಿಂತೇ ಬಿಟ್ಟಂತೆ, ಹಗಲಿಗೆ ಐವತ್ತು ಗಂಟೆ ಇದ್ದಂತೆ ಅನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯಲ್ಲಿ ಇಣುಕುತ್ತಾನೆ, ಹೊರಗೆ ಬಂದು ಮೂರಾಗಲು ಎಷ್ಟಿದೆ ಅಂತ ಹೊತ್ತು ನೋಡುತ್ತಾನೆ, ಯಾರಾದರೂ ಬರುತ್ತಾರಾ ಎಂದು ದಾರಿ ಕಾಯುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಜೊತೆಯವರಿಗೆ ಪ್ರೀತಿಯಿಲ್ಲ, ಬೇರೆ ಊರಿನಲ್ಲಾದರೆ ಬದುಕು ಸುಲಭ, ದೇವರಿಗೆ ಜಾಗದ ಹಂಗಿಲ್ಲವಲ್ಲ ಎಂಬ ತರ್ಕ ಹುಟ್ಟುತ್ತದೆ. ಕೆಲಸದ ನಡುವೆ ಐದು ನಿಮಿಷಕ್ಕೊಮ್ಮೆ ಮೊಬೈಲ್ ಎತ್ತಿ ಕೆಳಗಿಡುವ ಕೈ ಆ ಕಿಟಕಿಯ ಬಳಿ ಹೋದ ಕಾಲಿನಂತೆಯೇ. ಅವನು ಹೇಳುವ ಮದ್ದು ಸರಳ. ಜಾಗ ಬಿಟ್ಟು ಏಳಬೇಡ. ಮಾಡುವ ಪ್ರತಿ ಕೆಲಸಕ್ಕೂ ಮುಂಚೆಯೇ ಒಂದು ಅಳತೆ ಹಾಕಿಕೋ, ಅದು ಮುಗಿಯುವ ತನಕ ಬಿಡಬೇಡ. ಅಳು ಬಂದರೆ ಅಳು, ನಿನ್ನೊಳಗೆ ಅಳುವವನೊಬ್ಬ, ಸಮಾಧಾನ ಮಾಡುವವನೊಬ್ಬ ಅಂತ ಎರಡಾಗಿ ನಿಲ್ಲು.

ಅಳತೆಯ ವಿಷಯಕ್ಕೆ ಬಂದರೆ ಜೈನರನ್ನು ಮೀರಿಸಿದವರಿಲ್ಲ. ಅದರ ಒಂದು ದೊಡ್ಡ ಭಾಗ ನಮ್ಮ ನೆಲದ್ದೇ ಎಂಬುದು ಕನ್ನಡಿಗರಿಗೇ ಸರಿಯಾಗಿ ಗೊತ್ತಿಲ್ಲದಿರುವುದು ನನಗೆ ನೋವಿನ ಸಂಗತಿ. ಶ್ರವಣಬೆಳಗೊಳದ ಗೊಮ್ಮಟ 981ರಲ್ಲಿ ನಿಂತ ಎಂಬುದನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದನ್ನು ನಿಲ್ಲಿಸಿದ ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಬರೆದ ಗೊಮ್ಮಟಸಾರದಲ್ಲಿ ಕೋಪವನ್ನು ನಾಲ್ಕು ತರ ಮಾಡಿದ್ದಾರೆ: ನೀರಿನ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೆಲದ ಬಿರುಕು, ಕಲ್ಲಿನ ಮೇಲಿನ ಗೆರೆ. ಪ್ರತಿಯೊಂದರ ವಾಸನೆ, ಅಂದರೆ ಮನಸ್ಸಿನಲ್ಲಿ ಉಳಿದ ಗುರುತು, ಎಷ್ಟು ಕಾಲ ಉಳಿಯುತ್ತದೆ ಎಂಬುದೂ ಇದೆ. ಅತಿ ಹಗುರದ ಕೋಪ ಒಂದು ಮುಹೂರ್ತದೊಳಗೆ, ಅಂದರೆ 48 ನಿಮಿಷದೊಳಗೆ ಆರುತ್ತದೆ. ಅದರ ಮೇಲಿನದು ಒಂದು ಪಕ್ಷ, ಅದರ ಮೇಲಿನದು ಆರು ತಿಂಗಳು. ಅದನ್ನೂ ದಾಟಿದ್ದು ಜನ್ಮಾಂತರಕ್ಕೂ ಹಿಂಬಾಲಿಸುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಕೇಶವವರ್ಣಿ ಈ ಪ್ರಾಕೃತ ಗ್ರಂಥಕ್ಕೆ ಕನ್ನಡದಲ್ಲೇ ಟೀಕೆ ಬರೆದ. ಇದರಿಂದ ಏನು ಉಪಯೋಗ ಅಂದರೆ, ಕೋಪ ಬಂದವನು 'ನಾನು ಕೋಪಿಷ್ಠನೇ?' ಎಂದು ಕೇಳಿಕೊಳ್ಳಬೇಕಿಲ್ಲ, 'ಇದು ಎಷ್ಟು ದಿನದ್ದು?' ಎಂದು ಕೇಳಿಕೊಂಡರೆ ಸಾಕು. ಹದಿನೈದು ದಿನ ದಾಟಿತೋ, ಗೆರೆ ಧೂಳಿನಿಂದ ನೆಲಕ್ಕಿಳಿದಿದೆ ಎಂದು ಲೆಕ್ಕ. ಗೃಹಸ್ಥರು ದಿನಕ್ಕೊಮ್ಮೆ ಧ್ಯಾನಕ್ಕೆ ಕೂರುವ ಸಾಮಾಯಿಕದ ಅವಧಿಯೂ ಅದೇ 48 ನಿಮಿಷ.

ಮುನಿಗಳು ಸಹಿಸಬೇಕಾದ ಪರೀಷಹಗಳು 22 ಎಂದು ತತ್ತ್ವಾರ್ಥಸೂತ್ರದ ಒಂಬತ್ತನೇ ಅಧ್ಯಾಯ ಪಟ್ಟಿ ಮಾಡುತ್ತದೆ. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆ–ನೊಣದ ಕಡಿತ, ಬೈಗುಳ, ಹೊಡೆತ, ಬೇಡುವ ಸಂಕೋಚ, ಬೇಡಿದರೂ ಸಿಗದಿರುವುದು, ರೋಗ, ಹುಲ್ಲು–ಮುಳ್ಳಿನ ಚುಚ್ಚು. ಇಷ್ಟು ನಮಗೂ ಹೊಳೆಯುತ್ತಿತ್ತು. ಅದೇ ಪಟ್ಟಿಯಲ್ಲಿ ಸನ್ಮಾನವೂ ಇದೆ, ತಿಳಿದವನೆಂಬ ಹೆಮ್ಮೆಯೂ ಇದೆ, ಎಷ್ಟು ಓದಿದರೂ ತಲೆಗೆ ಹತ್ತದಿರುವ ಸಂಕಟವೂ ಇದೆ. ಶಾಲು ಹೊದಿಸಿ ಹಾರ ಹಾಕುವುದನ್ನೂ ಸಹಿಸಿಕೊಳ್ಳಬೇಕಾದ ಕಷ್ಟಗಳ ಸಾಲಿಗೆ ಸೇರಿಸಿದ್ದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಇನ್ನೊಂದು ಸೂತ್ರ ಒಂದೇ ಹೊತ್ತಿಗೆ ಒಬ್ಬನ ಮೇಲೆ ಹೆಚ್ಚೆಂದರೆ 19 ಬರಬಹುದು ಎನ್ನುತ್ತದೆ. ಚಳಿ ಇದ್ದಾಗ ಸೆಕೆ ಇರುವುದಿಲ್ಲ, ಅಲ್ಲಿಗೆ ಒಂದು ಕಳೆಯಿತು. ನಡೆಯುವುದು, ಕೂರುವುದು, ಮಲಗುವುದು ಈ ಮೂರರಲ್ಲಿ ಒಂದೇ ಒಂದು ಸಾಧ್ಯ, ಅಲ್ಲಿಗೆ ಎರಡು. ಎಲ್ಲ ಕಷ್ಟವೂ ಒಟ್ಟಿಗೇ ಬಂತು ಎನ್ನುವವನ ಮುಂದೆ ಕೂತು, ಇಲ್ಲ, ಎಣಿಸೋಣ ಬಾ ಎನ್ನುವ ಈ ಕಾಳಜಿ ನನಗೆ ಪೂಜ್ಯವಾಗಿ ಕಾಣುತ್ತದೆ.

ಜೈನರ ಹತ್ತು ದಿನದ ದಶಲಕ್ಷಣ ಪರ್ವದ ಮೊದಲ ದಿನ, ಭಾದ್ರಪದ ಶುದ್ಧ ಪಂಚಮಿ, ಉತ್ತಮ ಕ್ಷಮೆಗೆ ಮೀಸಲು. ಹತ್ತು ದಿನ ಕಳೆದು ಅನಂತ ಚತುರ್ದಶಿಯಾದ ಮೇಲೆ ಕ್ಷಮಾವಣಿಯಲ್ಲಿ ದೊಡ್ಡವರು ಚಿಕ್ಕವರೆನ್ನದೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಇದು ಕೆಡುತ್ತಿರುವುದು ವಾಟ್ಸಾಪಿನಲ್ಲಿ. ಒಂದೇ ಚಿತ್ರ ಇನ್ನೂರು ಜನಕ್ಕೆ ಹೋಗುತ್ತದೆ, ನಿಜವಾಗಿ ನೋಯಿಸಿದ ಒಬ್ಬರ ಮನೆ ಬಾಗಿಲಿಗೆ ಮಾತ್ರ ಯಾರೂ ಹೋಗುವುದಿಲ್ಲ.

ಈಗ ಬುದ್ಧ ಹೇಳಿದ ಒಂದು ಕಥೆ. ಶ್ರಾವಸ್ತಿಯಲ್ಲಿ ವೇದೇಹಿಕಾ ಎಂಬ ಗೃಹಿಣಿ. ಶಾಂತ ಸ್ವಭಾವದವಳು, ತಾಳ್ಮೆಯವಳು ಎಂದು ಊರೆಲ್ಲ ಹೆಸರು. ಅವಳ ಮನೆಯ ದಾಸಿ ಕಾಳಿ, ಕೆಲಸದಲ್ಲಿ ಚುರುಕು. ಒಡತಿಯ ತಾಳ್ಮೆ ಅವಳದೇ ಗುಣವೋ, ನನ್ನ ಕೆಲಸ ಅಚ್ಚುಕಟ್ಟಾಗಿರುವುದರಿಂದ ಬಂದದ್ದೋ ನೋಡೋಣ ಎಂದು ಕಾಳಿ ಒಂದು ದಿನ ತಡವಾಗಿ ಎದ್ದಳು. ಒಡತಿ ಹುಬ್ಬು ಗಂಟಿಕ್ಕಿದಳು. ಮರುದಿನ ಇನ್ನೂ ತಡ, ಬೈಗುಳ ಬಂತು. ಮೂರನೇ ದಿನ ಇನ್ನೂ ತಡ, ಬಾಗಿಲಿನ ಅಗುಳಿ ತೆಗೆದು ತಲೆಗೆ ಹೊಡೆದಳು. ಕಾಳಿ ಒಡೆದ ತಲೆಯಲ್ಲೇ ಬೀದಿಗೆ ಬಂದು, ನಿಮ್ಮ ತಾಳ್ಮೆಯ ಒಡತಿಯ ಕೆಲಸ ನೋಡಿ ಎಂದು ನೆರೆಯವರಿಗೆ ತೋರಿಸಿದಳು. ಕೆಡುಮಾತು ಕಿವಿಗೆ ಬೀಳದಿರುವಷ್ಟು ಹೊತ್ತು ಯಾರಾದರೂ ಶಾಂತವಾಗಿರಬಲ್ಲರು ಎಂದು ಬುದ್ಧ ಭಿಕ್ಷುಗಳಿಗೆ ಹೇಳಿದ್ದು ಇದನ್ನು ಮುಂದಿಟ್ಟು. ನನಗೆ ಇಲ್ಲಿ ಕಾಳಿಯೇ ಮುಖ್ಯಳು. ನಮ್ಮ ಮನೆಗಳ ಎಷ್ಟೋ ಯಜಮಾನರ ಶಾಂತ ಸ್ವಭಾವ ಬೆಳಗ್ಗೆ ಐದಕ್ಕೆ ಎದ್ದು ಕಾಫಿ ಇಡುವವರ ದುಡಿಮೆಯಿಂದ ಬಂದದ್ದು. ಆ ಕಾಫಿ ಅರ್ಧ ಗಂಟೆ ತಡವಾದ ದಿನ ಅದು ಗೊತ್ತಾಗುತ್ತದೆ.

ಮದುವೆ ಮನೆಯ ಭಾಷಣದಲ್ಲಿ 'ಕ್ಷಮಯಾ ಧರಿತ್ರೀ' ಎಂದು ಹೆಣ್ಣಿಗೆ ಮಾತ್ರ ಹೇಳುವ ಪದ್ಧತಿ ಇನ್ನೂ ಹೋಗಿಲ್ಲ. ಅದನ್ನು ಹೇಳುವವರು ಮಹಾಭಾರತದ ವನಪರ್ವವನ್ನು ತೆರೆದು ನೋಡಲಿ. ದ್ವೈತವನದಲ್ಲಿ ದ್ರೌಪದಿ ಯುಧಿಷ್ಠಿರನ ಕ್ಷಮೆಯನ್ನು ನೇರವಾಗಿ ಪ್ರಶ್ನಿಸುತ್ತಾಳೆ. ಬಲಿಗೆ ಪ್ರಹ್ಲಾದ ಹೇಳಿದ್ದನ್ನು ಅವನಿಗೆ ನೆನಪಿಸುತ್ತಾಳೆ: ಸದಾ ಉಗ್ರತೆಯೂ ಶ್ರೇಯಸ್ಸಲ್ಲ, ಸದಾ ಕ್ಷಮೆಯೂ ಶ್ರೇಯಸ್ಸಲ್ಲ. ಯಾವಾಗಲೂ ಕ್ಷಮಿಸುವವನನ್ನು ಆಳುಗಳೂ ಲೆಕ್ಕಕ್ಕಿಡುವುದಿಲ್ಲ. ಯಾರನ್ನು ಕ್ಷಮಿಸಬೇಕು ಎಂಬುದನ್ನೂ ಬಿಡಿಸಿ ಹೇಳುತ್ತಾಳೆ. ಹಿಂದೆ ಉಪಕಾರ ಮಾಡಿದವನನ್ನು, ತಿಳಿಯದೆ ತಪ್ಪಿದವನನ್ನು ಕ್ಷಮಿಸು. ಯಾರದೇ ಆಗಲಿ, ಮೊದಲ ತಪ್ಪನ್ನು ಕ್ಷಮಿಸು. ಎರಡನೆಯದಕ್ಕೆ, ಅದು ಚಿಕ್ಕದಾದರೂ, ಶಿಕ್ಷೆ ಆಗಲೇಬೇಕು. ಯುಧಿಷ್ಠಿರ ಉತ್ತರವಾಗಿ ಕ್ಷಮೆಯನ್ನು ಕೊಂಡಾಡುತ್ತಾನೆ, ಅದು ಸುಭಾಷಿತವಾಗಿ ಊರೂರು ಸುತ್ತಿತು. ದ್ರೌಪದಿಯ ಮಾತು ಪುಸ್ತಕದಲ್ಲೇ ಉಳಿಯಿತು. ಕೃಷ್ಣ ಕೂಡ ಶಿಶುಪಾಲನ ತಾಯಿಗೆ ಮಾತು ಕೊಟ್ಟದ್ದು ನೂರು ತಪ್ಪಿಗೆ, ನೂರೊಂದನೆಯದಕ್ಕೆ ಅಲ್ಲ.

ಕನ್ನಡದಲ್ಲಿ ಸಮಾಧಾನದ ಬಗ್ಗೆ ಎಲ್ಲರ ನಾಲಿಗೆಯ ಮೇಲಿರುವ ವಚನ ಅಕ್ಕಮಹಾದೇವಿಯದು. ಬೆಟ್ಟದ ಮೇಲೆ ಮನೆ ಮಾಡಿದವರು ಮೃಗಗಳಿಗೆ ಅಂಜಬಾರದು, ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿ ನಿಂದೆ ಬಂದರೆ ಸಮಾಧಾನಿಯಾಗಿರಬೇಕು ಎಂದವಳು. ಇದನ್ನು ಹೆಣ್ಣುಮಕ್ಕಳಿಗೆ ಬುದ್ಧಿವಾದವಾಗಿ ಹೇಳುವಾಗ ಹೇಳಿದವಳ ಬಾಳನ್ನು ಮುಚ್ಚಿಡುತ್ತಾರೆ. ಹರಿಹರನ ರಗಳೆಯಲ್ಲಿ ಅವಳು ಕೌಶಿಕನಿಗೆ ಕರಾರು ಹಾಕಿ ಬಂದವಳು. ಮೂರು ತಪ್ಪಿನವರೆಗೆ ತಾಳಿದಳು, ಆಮೇಲೆ ಅರಮನೆ ಬಿಟ್ಟು ನಡೆದಳು. ಸಮಾಧಾನ ಬೇಕು ಎಂದದ್ದು ಲೋಕದ ಬಾಯಿಯ ಎದುರು. ಮನೆಯೊಳಗಿನ ಬಲವಂತಕ್ಕೆ ಅವಳು ಸಮಾಧಾನ ಹೇಳಲಿಲ್ಲ.

ಕೊನೆಗೆ ದುಡಿಯುವವರ ವಿಷಯ. ಕೊಲ್ಲಿಯಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುವುದಿಲ್ಲ, ಕಟ್ಟಡ ಕಾರ್ಮಿಕರ ಬಾಳು ಇಲ್ಲಿ ಕಠಿಣವೇ. ಆದರೂ ಯುಎಇಯಲ್ಲಿ ಇಪ್ಪತ್ತು ವರ್ಷದಿಂದ ಒಂದು ನಿಯಮ ನಡೆದುಬಂದಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ, ತೆರೆದ ಜಾಗದಲ್ಲಿ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ. ನೆರಳು, ತಣ್ಣೀರು ಒದಗಿಸಬೇಕು. ಮೀರಿದ ಮಾಲೀಕನಿಗೆ ಒಬ್ಬೊಬ್ಬ ಕಾರ್ಮಿಕನ ಲೆಕ್ಕದಲ್ಲಿ 5,000 ದಿರ್ಹಮ್, ಹೆಚ್ಚೆಂದರೆ 50,000 ದಿರ್ಹಮ್ ದಂಡ. ತಡೆಯಲಾಗದ ತುರ್ತು ಕೆಲಸಗಳಿಗೆ, ನೀರು–ವಿದ್ಯುತ್ ಕಡಿತದಂಥವಕ್ಕೆ, ಮಾತ್ರ ವಿನಾಯಿತಿ. ನಮ್ಮಲ್ಲಿ ಬೇಸಿಗೆ ಬಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ತಿಂಗಳು ಸರ್ಕಾರಿ ಕಚೇರಿಯ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಸರಿಯಾದ ಕ್ರಮ. ಫ್ಯಾನಿನ ಕೆಳಗೆ ಕೂತವರು ತಾಳಲಾರದ ಬಿಸಿಲನ್ನು ಅದೇ ಊರಿನ ಶಹಾಬಾದ್ ಕಲ್ಲಿನ ಗಣಿಯಲ್ಲಿ, ರಸ್ತೆಗೆ ಡಾಂಬರು ಹಾಕುವ ಕಡೆ, ಇಟ್ಟಿಗೆ ಭಟ್ಟಿಯಲ್ಲಿ ನಿಂತವರು ತಾಳಬೇಕು ಎಂದು ಯಾವ ಧರ್ಮ ಹೇಳಿದೆ? ಕಚೇರಿಯ ವೇಳೆ ಬದಲಿಸುವ ಆದೇಶದ ಜೊತೆಗೇ ಗಣಿ, ರಸ್ತೆ, ಭಟ್ಟಿಗಳಿಗೂ ಮಧ್ಯಾಹ್ನದ ಬಿಡುವು, ನೆರಳು, ನೀರು ಕಡ್ಡಾಯ ಎಂದು ಬರೆಯಲಿ, ಕೂಲಿ ಕಡಿಯುವಂತಿಲ್ಲ ಎಂದೂ ಬರೆಯಲಿ. ಎಷ್ಟರಿಂದ ಎಷ್ಟರವರೆಗೆ ಎಂಬುದು ಗಂಟೆ ನಿಮಿಷದಲ್ಲಿ ಇರಲಿ, ಮೀರಿದವರಿಗೆ ದಂಡ ಎಷ್ಟು ಎಂಬುದು ರೂಪಾಯಿಯಲ್ಲಿ ಇರಲಿ.